ತೋಳು ದಪ್ಪವಾದರೆ ಸಾಕೇ?

ಗಂಡುಮಕ್ಕಳ ತಾಯಂದಿರೇ, ಈ ಸಲ ಅಡಿಗೆಯ ಮಾತು ಬಿಟ್ಟು ಬೇರೊಂದು ವಿಷಯ ಹೇಳ್ತೀನಿ. ನಾಚಿಕೆಯ ವಿಷಯ ಅಂತ ಪುಟ ಮಗುಚಬೇಡಿ.

ನಮ್ಮ ಎರಡನೆಯ ಮಗನಿಗೆ ಹತ್ತೊಂಬತ್ತು ವರ್ಷ. ಹೋದ ವರ್ಷ ಊರಿನ ಒಂದು ಜಿಮ್ಮಿಗೆ ಸೇರಿದ. ಮೂರು ನಾಲ್ಕು ತಿಂಗಳಲ್ಲೇ ಶರಟಿನ ತೋಳು ಬಿಗಿಯಾಯಿತು. ನಾನೂ ಬೀಗಿದೆ. ಆದರೆ ಒಂದು ಶನಿವಾರ ಎಣ್ಣೆ ಹಚ್ಚೋಕೆ ಕೂರಿಸಿದರೆ, ಬೆನ್ನ ತುಂಬ ಕೀವು ತುಂಬಿದ ಮೊಡವೆ! ಮಾತೆತ್ತಿದರೆ ಸಿಡುಕು ಬೇರೆ. ಆಮೇಲೊಂದು ದಿನ ಒಗೆಯೋಕೆ ಹಾಕಿದ ಪ್ಯಾಂಟಿನ ಜೇಬಿನಲ್ಲಿ ಪುಟ್ಟ ಗಾಜಿನ ಸೀಸೆ ಸಿಕ್ಕಿತು. "ಅಯ್ಯೋ ಅಮ್ಮಾ, ಅದು ವಿಟಮಿನ್ನು" ಅಂದ. ಸೀಸೆ ಹಿಡಿದುಕೊಂಡು ನಮ್ಮ ಡಾಕ್ಟರಮ್ಮನ ಹತ್ತಿರ ಓಡಿದೆ. ಅದು ವಿಟಮಿನ್ ಅಲ್ಲ, ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನು.

ಹಾರ್ಮೋನು ಅಂದರೆ ಹಾಲಿಗೆ ಹಾಕುವ ಹೆಪ್ಪಿನ ಹಾಗೆ. ಚೂರೇ ಸಾಕು, ಪಾತ್ರೆಯ ಹಾಲೆಲ್ಲಾ ಬದಲಾಗುತ್ತೆ. ಗಂಡಸರಲ್ಲಿ ಇದು ಮುಖ್ಯವಾಗಿ ವೃಷಣಗಳಲ್ಲಿ ತಯಾರಾಗುತ್ತದೆ. ಹುಡುಗರ ದನಿ ಒಡೆಯುವುದು, ಮೀಸೆ ಚಿಗುರುವುದು, ಮಾಂಸಖಂಡ ಬಲಿಯುವುದು, ಮೂಳೆ ಗಟ್ಟಿಯಾಗುವುದು, ವೀರ್ಯಾಣು ಉತ್ಪತ್ತಿ ಎಲ್ಲಕ್ಕೂ ಇದು ಬೇಕು. ನಮ್ಮ ಹೆಂಗಸರ ದೇಹದಲ್ಲೂ ಸ್ವಲ್ಪ ಇರುತ್ತೆ ಅಂತ ಕೇಳಿ ನನಗೇ ಆಶ್ಚರ್ಯವಾಯಿತು.

1935ರಲ್ಲಿ ಬ್ಯೂಟೆನಾಂಟ್ ಮತ್ತು ರುಝಿಕಾ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಈ ಇಬ್ಬರಿಗೆ ಬಂತು. ದೇಹದಲ್ಲಿ ಈ ಹಾರ್ಮೋನು ನಿಜವಾಗಿ ಕೊರತೆಯಿದ್ದವರಿಗೆ ಇದು ಒಳ್ಳೆಯ ಔಷಧಿಯೇ. ಆದರೆ ಮಾಂಸಖಂಡ ಬೆಳೆಯುತ್ತೆ ಅಂತ ಕ್ರೀಡಾಪಟುಗಳೂ ದೇಹದಾರ್ಢ್ಯದವರೂ ಇದರ ಬೆನ್ನು ಹತ್ತಿದರು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟ ಗೆದ್ದ ಬೆನ್ ಜಾನ್ಸನ್ ಚಿನ್ನದ ಪದಕ ಕಳೆದುಕೊಂಡದ್ದು ಇದೇ ಜಾತಿಯ ಸ್ಟೆರಾಯಿಡ್‌ನಿಂದ.

ಹೊರಗಿನಿಂದ ಚುಚ್ಚಿಸಿಕೊಂಡರೆ ಏನಾಗುತ್ತೆ? ಡಾಕ್ಟರಮ್ಮ ನಮ್ಮ ಮಹಡಿಯ ನೀರಿನ ಟ್ಯಾಂಕಿನ ಉದಾಹರಣೆ ಕೊಟ್ಟರು. ಟ್ಯಾಂಕು ತುಂಬಿದರೆ ನಾವು ಮೋಟಾರು ಆರಿಸ್ತೀವಲ್ಲ, ಹಾಗೇ ರಕ್ತದಲ್ಲಿ ಹಾರ್ಮೋನು ತುಂಬಿದ್ದು ಕಂಡು ಮಿದುಳು "ಇನ್ನು ಸಾಕು" ಅಂತ ಅಪ್ಪಣೆ ನಿಲ್ಲಿಸುತ್ತೆ. ವೃಷಣ ಕೆಲಸ ಬಿಟ್ಟು ಸಣ್ಣದಾಗುತ್ತೆ, ವೀರ್ಯಾಣು ಕಡಿಮೆಯಾಗುತ್ತೆ. ಗಂಡಸಾಗೋಕೆ ಹೋದ ಹುಡುಗ ಮುಂದೆ ತಂದೆಯಾಗೋಕೆ ಕಷ್ಟಪಡಬೇಕಾಗಬಹುದು! ಹೆಚ್ಚಾದ ಹಾರ್ಮೋನಿನಲ್ಲಿ ಒಂದಿಷ್ಟು ಹೆಣ್ಣಿನ ಹಾರ್ಮೋನಾಗಿ ಮಾರ್ಪಟ್ಟು ಹುಡುಗರಿಗೆ ಎದೆ ಬೆಳೆಯುವುದೂ ಉಂಟು. ರಕ್ತ ಮಂದವಾಗಬಹುದು, ಹೃದಯಕ್ಕೂ ಅಪಾಯ. ಇನ್ನೂ ಬೆಳೆಯುವ ವಯಸ್ಸಿನವರಾದರೆ ಮೂಳೆಯ ತುದಿ ಬೇಗ ಕೂಡಿಕೊಂಡು ಎತ್ತರವೇ ನಿಂತುಹೋಗುತ್ತೆ. ಒಂದೇ ಸೂಜಿಯನ್ನು ನಾಲ್ಕು ಜನ ಬಳಸಿದರೆ ಕಾಮಾಲೆ, ಏಡ್ಸ್ ಭಯ ಬೇರೆ. ಹೆಣ್ಣುಮಕ್ಕಳು ತೆಗೆದುಕೊಂಡರೆ ಗಂಡುದನಿ ಬರುತ್ತೆ. ಬಿಟ್ಟ ಮೇಲೂ ಅದು ಪೂರ್ತಿ ಹೋಗುವುದಿಲ್ಲ.

ನಿಮ್ಮ ಮನೆಯಲ್ಲೂ ಹುಡುಗ ಇದ್ದಕ್ಕಿದ್ದಂತೆ ಉಬ್ಬಿದರೆ, ಬೆನ್ನು ಭುಜದ ಮೇಲೆ ಮೊಡವೆ ಎದ್ದರೆ, ಸಿಟ್ಟು ಮಿತಿಮೀರಿದರೆ ಗಮನಿಸಿ. ಬೈಯಬೇಡಿ, ಬೈದರೆ ಬಚ್ಚಿಡ್ತಾರೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಕೆಲವು ಕಾಲ ನಿಶ್ಶಕ್ತಿ, ಮಂಕು ಕವಿಯುವುದುಂಟು. ಆಗ ಒಂಟಿಯಾಗಿ ಬಿಡಬಾರದು.

ನಮ್ಮವನು ನಿಲ್ಲಿಸಿ ಏಳು ತಿಂಗಳಾಯಿತು. ತೋಳು ಸ್ವಲ್ಪ ಇಳಿದಿದೆ. ಮೊದಲ ರಕ್ತಪರೀಕ್ಷೆಯ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ. ಈಗಿನ ವರದಿ ಪರವಾಗಿಲ್ಲ. ಪೂರ್ತಿ ಸರಿಹೋಗಲು ಇನ್ನೂ ಕಾಯಬೇಕಂತೆ. ವ್ಯಾಯಾಮ ಬಿಡಿಸಿಲ್ಲ. ಮೊಳಕೆ ಕಾಳು, ಮೊಟ್ಟೆ, ಹಾಲು, ಕಣ್ತುಂಬ ನಿದ್ದೆ, ಅಷ್ಟೇ ನಮ್ಮ ಮನೆಯ ಟಾನಿಕ್ಕು. ಮೈ ನಿಧಾನಕ್ಕೆ ಬೆಳೆದರೂ ಚಿಂತೆಯಿಲ್ಲ, ಅದು ಅವನದೇ ಮೈ.