ರಟ್ಟಿನ ಮೇಲಿನ 'ಮಹಾ'

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಹತ್ತಿರ ನನ್ನದೊಂದು ಬೈಂಡಿಂಗ್ ಅಂಗಡಿ. ಪಿಎಚ್.ಡಿ. ಮಕ್ಕಳು ಬಂದು, "ಅಣ್ಣ, ಥೀಸಿಸ್ ಐದು ಪ್ರತಿ, ಕಪ್ಪು ರೆಕ್ಸಿನ್" ಅನ್ನುತ್ತಾರೆ. ಕನ್ನಡದವರ ರಟ್ಟಿನ ಮೇಲೆ ಚಿನ್ನದ ಬಣ್ಣದಲ್ಲಿ ಒತ್ತಬೇಕಾದದ್ದು ಮಾತ್ರ 'ಮಹಾಪ್ರಬಂಧ'.

ಒಮ್ಮೆ 'ಮಹಾ' ಮರೆತು ಬರೀ 'ಪ್ರಬಂಧ' ಎಂದು ಒತ್ತಿಬಿಟ್ಟೆ. ಹುಡುಗಿ ಅಳುವುದೊಂದು ಬಾಕಿ. "ಇದೇನು ಏಳನೇ ಕ್ಲಾಸಿನ 'ನನ್ನ ಹಸು'ವಾ ಅಣ್ಣ?" ಐದೂ ರಟ್ಟು ನನ್ನ ಖರ್ಚಲ್ಲೇ ಬದಲಾಯಿಸಿದೆ.

ಅವಳ ಸಿಟ್ಟು ನ್ಯಾಯವೇ. ಹಸುವಿನ ಮೇಲಿನ ಎರಡು ಪುಟವೂ ಪ್ರಬಂಧ, ಎ.ಎನ್. ಮೂರ್ತಿರಾಯರು ಬರೆದದ್ದು ಲಲಿತ ಪ್ರಬಂಧ. ವಿಚಾರಸಂಕಿರಣದಲ್ಲಿ ಹತ್ತು ನಿಮಿಷ ಓದಿದರೆ ಪ್ರಬಂಧ ಮಂಡನೆ. ಪಿಎಚ್.ಡಿ.ಗೆ ಮಾತ್ರ 'ಮಹಾ' ಬೇಕೇ ಬೇಕು. 13ನೇ ಶತಮಾನದ ಶಾರ್ಙ್ಗದೇವನ 'ಸಂಗೀತರತ್ನಾಕರ'ದಲ್ಲಂತೂ ಪ್ರಬಂಧವೆಂದರೆ ಹಾಡಿನ ಒಂದು ಬಗೆ!

ಬಂಧ ಅಂದರೆ ಕಟ್ಟು. 'ಪ್ರ' ಸೇರಿದರೆ ಚೆನ್ನಾಗಿ ಕಟ್ಟಿದ್ದು. ಆ ಲೆಕ್ಕದಲ್ಲಿ ಸೂಜಿ, ದಾರ, ಮೈದಾ ಅಂಟು ಹಿಡಿದು ಕೂತ ನಾನೂ ಪ್ರಬಂಧಕಾರನೇ ಅಂತ ಅವಳಿಗೆ ಹೇಳಿದೆ. ನಕ್ಕಳು, ಆದರೆ ಚಿಲ್ಲರೆ ಬಿಡಲಿಲ್ಲ.

ಈಗ ಅಚ್ಚುಮೊಳೆ ಜೋಡಿಸುವ ಮುಂಚೆ ಕೇಳಿಬಿಡುತ್ತೇನೆ: "ಮಹಾ ಉಂಟೋ, ಇಲ್ಲವೋ?"