ಮತ್ತೋಡಿನ ಕುಲುಮೆ, ಹರಿಹರದ ಕೈ

ದಾವಣಗೆರೆಯಲ್ಲಿ ಗಾಜಿನ ಸುದ್ದಿ ಎತ್ತಿದರೆ ಜನ ನೇರ ಗಾಜಿನ ಮನೆಗೆ ಆಟೊ ಹತ್ತಿಸುತ್ತಾರೆ. ಸಂಜೆ ಹೊತ್ತು ಫೋಟೊ ತೆಗೆಸಿಕೊಳ್ಳಲು ಒಳ್ಳೆಯ ಜಾಗ, ದೂರುವಂಥದ್ದೇನಿಲ್ಲ. ಆದರೆ ಈ ಸೀಮೆಯಲ್ಲಿ ಗಾಜನ್ನು ಮಣ್ಣಿನಿಂದಲೇ ಕಾಯಿಸಿ ತೆಗೆಯುತ್ತಿದ್ದ ಕಾಲವೊಂದಿತ್ತು. ಆ ಊರು ಮತ್ತೋಡು. ಈಗ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಒಂದು ಹೋಬಳಿ. 1997ರ ಆಗಸ್ಟ್ 15ರಂದು ದಾವಣಗೆರೆ ಬೇರೆ ಜಿಲ್ಲೆಯಾಗುವವರೆಗೂ ಮತ್ತೋಡು, ಹರಿಹರ, ದಾವಣಗೆರೆ ಮೂರೂ ಒಂದೇ ಜಿಲ್ಲೆಯವು.

ನಾನು ಹುಡುಕಿಕೊಂಡು ಹೋದದ್ದು ಮಾತ್ರ ಕುಲುಮೆಯನ್ನಲ್ಲ, ಹರಿಹರದ ಒಬ್ಬ ಬಳೆಗಾರ ಅಜ್ಜನನ್ನು. ಹರಿಹರೇಶ್ವರ ಗುಡಿಗೆ ಹೋಗುವ ದಾರಿಯ ಬದಿಯಲ್ಲಿ ಒಂದಾಳು ಕೂರುವಷ್ಟು ಅಂಗಡಿ. ಅಜ್ಜನಿಗೆ ಎಂಬತ್ತು ಹತ್ತಿರ. ಕಣ್ಣು ಮಂದ, ಕೈ ಮಂದವಲ್ಲ. ಬಂದ ಹೆಣ್ಣುಮಗಳ ಅಂಗೈಯನ್ನು ಒಮ್ಮೆ ಹಿಡಿದು ಬಿಟ್ಟು, ಅಳತೆಯ ಬಳೆ ಮುಟ್ಟದೆಯೇ, "ಎರಡು-ಆರು ತಗೀರಿ" ಎಂದು ಸೊಸೆಗೆ ಹೇಳುತ್ತಾನೆ. ಎರಡು-ಆರು ಎಂದರೆ ಎರಡಿಂಚಿನ ಮೇಲೆ ಹದಿನಾರರಲ್ಲಿ ಆರು ಪಾಲು. ರೂಪಾಯಿಗೆ ಹದಿನಾರಾಣೆ ಇದ್ದ ದಿನಗಳ ಲೆಕ್ಕ ಬಳೆ ಪೇಟೆಯಲ್ಲಿ ಇನ್ನೂ ನಡೆಯುತ್ತದೆ. ಇಂಗ್ಲಿಷ್ ಅಂಕಿಯಲ್ಲಿ 2.6 ಎಂದು ಬರೆದದ್ದನ್ನು ದಶಮಾಂಶವೆಂದುಕೊಂಡು ಆನ್‌ಲೈನ್‌ನಲ್ಲಿ ತರಿಸಿದವರು ವಾಪಸು ಕಳಿಸುವುದು ಇದಕ್ಕೇ.

ಬಳೆ ಇಡುವಾಗ ಅವನು ಬಳೆಯನ್ನು ತಳ್ಳುವುದೇ ಇಲ್ಲ. ಮೊದಲು ಕೈಯನ್ನು ಸಡಿಲ ಮಾಡಿಸಬೇಕು. ಅದಕ್ಕೆ ಮಾತು ಬೇಕು. "ಯಾವೂರಾತವ್ವಾ? ತವರುಮನಿ ಎಲ್ಲಿ? ಮಳಿ ಹೆಂಗ ಐತಿ ನಿಮ್ಮ ಕಡಿಗೆ?" ಆಕೆ ಉತ್ತರ ಕೊಡುವಷ್ಟರಲ್ಲಿ ಹೆಬ್ಬೆರಳು ಅಂಗೈಯೊಳಗೆ ಮಡಚಿರುತ್ತದೆ, ಬುಡದ ಮಾಂಸವನ್ನು ಎರಡು ಬೆರಳಿನಿಂದ ಒತ್ತಿ ಒಳಸರಿಸಿಯಾಗಿರುತ್ತದೆ. ಬಳೆ ಗೆಣ್ಣಿನ ಮೇಲೆ ಒಂದು ಕ್ಷಣ ನಿಂತು, ಓರೆಯಾಗಿ, ಮೊದಲು ಕಿರುಬೆರಳ ಕಡೆ ಆಮೇಲೆ ಹೆಬ್ಬೆರಳ ಕಡೆ ಜಾರಿ ಮಣಿಕಟ್ಟಿಗೆ ಇಳಿಯುತ್ತದೆ. ಕೈ ಗಡುಸಾಗಿದ್ದರೆ ಸೋಪಿನ ನೀರು. ಇಡುವಾಗ ಒಡೆದರೆ ನಷ್ಟ ಬಳೆಗಾರನದೇ, ಅದನ್ನು ಗಿರಾಕಿಯ ಲೆಕ್ಕಕ್ಕೆ ಹಾಕುವಂತಿಲ್ಲ. ಹೊಲದ ಕೆಲಸದ ಕೈಗೂ ಕಚೇರಿ ಕೆಲಸದ ಕೈಗೂ ಒಂದೇ ಬೆಲೆ, ಒಂದೇ ತಾಳ್ಮೆ.

ಅದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ. ಹೊಸ ಡಜನ್ ಬಿಚ್ಚಿದಾಗ ಅಜ್ಜ ಒಂದೊಂದೇ ಬಳೆಯನ್ನು ಉಗುರಿನಿಂದ ಮೀಟಿ ಕಿವಿ ಕೊಡುತ್ತಾನೆ. ಸರಿಯಾದದ್ದು ಕಿಣಿ ಎನ್ನುತ್ತದೆ. ಕೂದಲೆಳೆಯಷ್ಟು ಸೀಳಿದ್ದರೂ ಸದ್ದು ಮಂಕು. ಆಮೇಲೆ ಹೆಬ್ಬೆರಳಿನಿಂದ ಸುತ್ತ ಸವರಿ ಬೆಸುಗೆ ಎಲ್ಲಿದೆ ನೋಡುತ್ತಾನೆ. "ಒಡದ್ರ ಇಲ್ಲೇ ಒಡೀತೈತಿ. ಜೋಡಿಸಿದ್ದಲ್ಲೇನ್ರಿ, ಜೋಡಿಸಿದ್ದು."

ಬೆಸುಗೆ ಇರುವುದು ಯಾಕೆಂದರೆ ಈ ಬಳೆಗಳೆಲ್ಲ ಬರುವುದು ಉತ್ತರಪ್ರದೇಶದ ಫಿರೋಜಾಬಾದಿನಿಂದ. ಅಲ್ಲಿ ಕರಗಿದ ಗಾಜನ್ನು ಎಳೆ ತೆಗೆದು, ತಿರುಗುವ ಉರುಳೆಯ ಮೇಲೆ ಸ್ಪ್ರಿಂಗ್‌ನಂತೆ ಸುತ್ತುತ್ತಾರೆ. ಸುರುಳಿಯನ್ನು ಉದ್ದಕ್ಕೆ ಕೊಯ್ದರೆ ನೂರಾರು ತುಂಡು ಬಳೆ. ಪ್ರತಿಯೊಂದರ ತೆರೆದ ಬಾಯನ್ನೂ ಜ್ವಾಲೆಯ ಮೇಲೆ ಹಿಡಿದು ಬೆಸೆಯಬೇಕು. ಅದನ್ನು ಹೆಚ್ಚಾಗಿ ಮನೆಮನೆಗಳಲ್ಲಿ ಹೆಂಗಸರು, ಹುಡುಗಿಯರು ಮಾಡುತ್ತಾರೆ. ತಾಜ್ ಮಹಲಿನ ಅಮೃತಶಿಲೆ ಉಳಿಸಲು 1996ರಲ್ಲಿ ಸುಪ್ರೀಂ ಕೋರ್ಟ್ ಕಲ್ಲಿದ್ದಲು ಬೇಡವೆಂದ ಮೇಲೆ ಅಲ್ಲಿನ ಕುಲುಮೆಗಳು ಗ್ಯಾಸಿಗೆ ಬಂದವು.

ಮತ್ತೋಡಿನ ಬಳೆಗೆ ಬೆಸುಗೆಯೇ ಇರಲಿಲ್ಲ.

ಇದನ್ನು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಅವನನ್ನು ಮೈಸೂರು ಸೀಮೆ ನೋಡಿ ಬರಲು ಕಳಿಸಿತು. 1801ರಲ್ಲಿ ಹರಿಹರಕ್ಕೆ ಬಂದ, ದಾವಣಗೆರೆಯ ಕಂಬಳಿ ವ್ಯಾಪಾರ ಕಂಡ, ಅಲ್ಲಿಂದ ಮುಂದೆ ಮತ್ತೋಡು ಮುಟ್ಟಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟಗಳಲ್ಲಿ ಈ ಬಳೆ ಕುಲುಮೆಗೂ ಜಾಗ ಸಿಕ್ಕಿತು. ಗಾಜು ಒರಟು, ಬೆಳಕು ಹಾಯುವಂಥದ್ದಲ್ಲ ಎಂದು ಅವನು ಮುಲಾಜಿಲ್ಲದೆ ಬರೆದ. ಬಣ್ಣ ಐದು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಕಪ್ಪು, ಹಸಿರಿಗೆ ಹೆಚ್ಚು ಗಿರಾಕಿ. ಹಸಿರಿನ ಗಿರಾಕಿ ಇಂದಿಗೂ ತಪ್ಪಿಲ್ಲ, ಕುಬಸಕ್ಕೆ ಹಸಿರು ಗಾಜೇ ಆಗಬೇಕು.

ಬೇಕಾದದ್ದೆಲ್ಲ ಸುತ್ತಮುತ್ತಲೇ ಸಿಗುತ್ತಿತ್ತು. ಬಿಳಿಗಲ್ಲಿನ ಪುಡಿ, ಅದಕ್ಕೆ ಚೌಳು ಮಣ್ಣಿನ ಸೋಡ. ಮಡಿವಾಳರು ಬಟ್ಟೆ ಒಗೆಯಲು ಬಳಸುತ್ತಿದ್ದ ಅದೇ ಚೌಳು. ಬಿಳಿಗಲ್ಲು ತಾನಾಗಿ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಸೌದೆಯ ಒಲೆಯಲ್ಲಿ ಅದು ಆಗದ ಮಾತು. ಸೋಡ ಬೆರೆತರೆ ಆ ಕಾವು ನೂರಾರು ಡಿಗ್ರಿ ಕೆಳಗಿಳಿಯುತ್ತದೆ. ಬೆಳೆ ಬಾರದ ಬರಡು ನೆಲದ ಉಪ್ಪೇ ಬಳೆಗೆ ಬಂಡವಾಳವಾಗಿದ್ದು ಹೀಗೆ.

ಗುಮ್ಮಟದಂಥ ಮಣ್ಣಿನ ಕುಲುಮೆ, ಸುತ್ತ ಕಿಂಡಿ, ಕಿಂಡಿಗೊಬ್ಬ ಕೆಲಸಗಾರ. ಕಬ್ಬಿಣದ ಸಲಾಕೆಯನ್ನು ಒಳಗಿಟ್ಟು ತುಸು ಗಾಜು ಎತ್ತುತ್ತಾನೆ, ಬೆಲ್ಲದ ಪಾಕದಂತೆ ಜೋತಾಡುವ ಉಂಡೆ. ಚೂಪು ಮೊನೆಯ ಇನ್ನೊಂದು ಕಬ್ಬಿಣದಿಂದ ಅದಕ್ಕೆ ತೂತು ಬೀಳಿಸಿ ಉಂಗುರ ಮಾಡಬೇಕು. ಉಂಗುರವನ್ನು ಮೊನಚು ತುದಿಯ ಮಣ್ಣಿನ ಅಚ್ಚಿಗೆ ಏರಿಸಿ, ಮತ್ತೆ ಕಾವಿಗೆ ಹಿಡಿದು ತಿರುಗಿಸುತ್ತ ಹೋದರೆ ಅದು ಹಿಗ್ಗುತ್ತ ಅಚ್ಚಿನ ಅಗಲ ಭಾಗಕ್ಕೆ ಇಳಿಯುತ್ತದೆ. ಎಲ್ಲಿ ನಿಲ್ಲಿಸುತ್ತೀಯೋ ಅದೇ ಅಳತೆ. ಊದುವ ಕೊಳವೆಯ ಕೆಲಸ ಇಲ್ಲಿಲ್ಲ. ಬಾಯಿಯಿಂದ ಊದಿ ಗಾಜು ಉಬ್ಬಿಸುವ ಕೈಚಳಕ ಈಗ ನಮ್ಮಲ್ಲಿ ಕಾಣಬೇಕೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಹೋಗಬೇಕು, ಅಲ್ಲಿ ವಿಜ್ಞಾನಿಗಳಿಗೆ ಬೇಕಾದ ವಕ್ರ ಕೊಳವೆ, ಬುರುಡೆಗಳನ್ನು ಕೈಯಲ್ಲೇ ಮಾಡಿಕೊಡುತ್ತಾರೆ.

ಅಚ್ಚಿನ ಸಂಗತಿಯನ್ನು ಅಜ್ಜನಿಗೆ ಹೇಳಿದಾಗ ಅವನು ನಕ್ಕ. "ಅಂದ್ರ ಅದು ಲೇಥೇ ಆತಲ್ರಿ." ಅವನ ತಮ್ಮ ಮೈಸೂರು ಕಿರ್ಲೋಸ್ಕರಿನಲ್ಲಿ ಟರ್ನರ್ ಆಗಿದ್ದವನು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇಥುಗಳಿಂದಲೇ ಹರಿಹರದ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು. "ತಮ್ಮ ಅಲ್ಲಿ ಕಬ್ಬಿಣ ತಿರುಗಿಸ್ತಿದ್ದ, ನಾ ಇಲ್ಲಿ ಹೆಣ್ಮಕ್ಕಳ ಕೈ ತಿರುಗಿಸ್ತಿದ್ದೆ. ಅವನ ಕಾರ್ಖಾನಿ ಮುಚ್ಚಿತು, ನಂದು ನಡದೈತಿ ನೋಡ್ರಿ."

ಮತ್ತೋಡು ಸೋತದ್ದು ಒಂದು ದಿನದಲ್ಲಿ ಅಲ್ಲ. ಕಳೆದ ಶತಮಾನದ ಮೊದಲಿಗೆ ಆಸ್ಟ್ರಿಯಾದ ಬಳೆ, ಆಮೇಲೆ ಜಪಾನಿನ ಬಳೆ ಹಡಗು ತುಂಬ ಬಂತು. ತೆಳು, ಹೊಳಪು, ಅಗ್ಗ. 1880ರ ದಶಕದಲ್ಲಿ ಈ ಕಡೆ ಬಂದ ರೈಲು ಒಳನಾಡಿನ ಸಂತೆಗೂ ಅವನ್ನು ತಂದು ಸುರಿಯಲು ದಾರಿ ಮಾಡಿತ್ತು. ಮಹಾಯುದ್ಧಗಳ ಕಾಲದಲ್ಲಿ ವಿದೇಶಿ ಬಳೆ ನಿಂತಾಗ ಲಾಭ ಹೋದದ್ದು ಫಿರೋಜಾಬಾದಿಗೆ. ಚೌಳಿನ ಗಾಜಿನ ಒರಟುತನವೇ ಇವತ್ತಿನ ಅಂಗಡಿಯಲ್ಲಿ ‘ಕೈಕೆಲಸ’ ಎಂಬ ಚೀಟಿ ಅಂಟಿಸಿಕೊಂಡು ನಾಲ್ಕು ಪಟ್ಟು ಬೆಲೆಗೆ ಮಾರಾಟವಾಗುತ್ತಿತ್ತು ಎಂದು ನನಗನ್ನಿಸುತ್ತದೆ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿತು, ಮಾಡುವವರು ಇದ್ದರು. ಮತ್ತೋಡಿನ ಬಳೆಗೆ ಅಂಥ ಕಾಲ ಬರುವ ಹೊತ್ತಿಗೆ ಕೇಳಿಕೊಳ್ಳಲು ಯಾರೂ ಉಳಿದಿರಲಿಲ್ಲ. ಬಳೆಗಾರ ಎಂದೊಡನೆ ಹಾಡು ಗುನುಗುವ ನಾವು ಅವನ ಮಲಾರಕ್ಕೆ ಬಳೆ ಎಲ್ಲಿಂದ ಬಂತೆಂದು ಕೇಳಿದ್ದು ಕಡಿಮೆ.

ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ, ಕುಲುಮೆ ಕಟ್ಟಬಲ್ಲವರು ಹರಿಹರದಲ್ಲಿದ್ದಾರೆ. ನಾಲ್ಕು ಹುಡುಗರು ಸೇರಿ ಬುಕಾನನ್ನನ ಪುಟಗಳನ್ನು ಮುಂದಿಟ್ಟುಕೊಂಡು, ಚೌಳು ತಂದು, ಬೆಸುಗೆಯಿಲ್ಲದ ಒಂದು ಕಪ್ಪು ಬಳೆ ತೆಗೆದರೆ ಸಾಕು. ಸುತ್ತ ಸವರಿ ನೋಡಿ ತೀರ್ಪು ಕೊಡಲು ಒಬ್ಬ ಹಿರಿಯನಂತೂ ಇದ್ದಾನೆ.

ಅವನ ಅಂಗಡಿಯಲ್ಲೂ ಈಗ ಗಾಜಿಗಿಂತ ಲೋಹದ ಬಳೆಯೇ ಹೆಚ್ಚು. ಅದನ್ನು ಇಡಿಸಿಕೊಳ್ಳಲು ಯಾರ ಕೈಯೂ ಬೇಡ, ಕೊಂಡವರು ತಾವೇ ಹಾಕಿಕೊಂಡು ಹೋಗುತ್ತಾರೆ. ಮೊಮ್ಮಗ ದಾವಣಗೆರೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ, ಬೈಕಿನಲ್ಲಿ ಹೋಗಿ ಬರುತ್ತಾನೆ. ಎರಡು ವರ್ಷಕ್ಕೊಮ್ಮೆ ಬರುವ ದಾವಣಗೆರೆ ದುಗ್ಗಮ್ಮನ ಜಾತ್ರೆಗೆ ಅಜ್ಜ ಗಾಜಿನ ಬಳೆ ಕಟ್ಟಿಕೊಂಡು ಹೋಗುವುದನ್ನು ತಪ್ಪಿಸಿದವನಲ್ಲ. ಮುಂದಿನ ಜಾತ್ರೆಗೆ ಯಾರು ಹೋಗುತ್ತಾರೆಂದು ಕೇಳಿದೆ. ಸೊಸೆ ಮಾವನ ಮುಖ ನೋಡಿದಳು. ಅವನು, "ಗಿರಾಕಿ ಬಂದಾರ, ಸರೀರಿ ಆ ಕಡೆ" ಎಂದ.