ಎಚ್‌ಪಿ ಹೆಚ್ಚಿದ್ದರೆ ಟ್ರ್ಯಾಕ್ಟರ್ ಜೋರಾಗಿ ಓಡುತ್ತದೆಯೇ?

‘ನಿಂದು 45 ಎಚ್‌ಪಿ, ನಂದು 55. ರೋಡಿಗಿಳಿದರೆ ನೀನು ಹಿಂದೇನೇ ಬಿಡಪ್ಪ!’ ಕಬ್ಬಿನ ಲೋಡು ಹೊತ್ತು ಸಕ್ಕರೆ ಕಾರ್ಖಾನೆ ಮುಂದೆ ಸಾಲುಗಟ್ಟಿದ ಡ್ರೈವರ್‌ಗಳಲ್ಲಿ ಇಂಥ ಜಂಬ ಮಾಮೂಲಿ. ಆದರೆ ವೇಗದ ಲೆಕ್ಕದಲ್ಲಿ ಎಚ್‌ಪಿಗೆ ಜಾಗವೇ ಇಲ್ಲ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ, ಗೇರುಗಳು ಅದನ್ನು ಎಷ್ಟು ಪಟ್ಟು ಇಳಿಸುತ್ತವೆ, ಹಿಂದಿನ ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಉರುಳುತ್ತದೆ, ಇಷ್ಟೇ. ತುಂಬಿದ ಟ್ರೇಲರ್ ಎಳೆದು ಏರು ಹತ್ತುವಾಗ ಆ ವೇಗ ಬೀಳದಂತೆ ಹಿಡಿಯುವುದು ಎಚ್‌ಪಿಯ ಕೆಲಸ.

ಎಂಜಿನ್ 2000 ಸುತ್ತಿನಲ್ಲಿದೆ ಎನ್ನೋಣ. ಗೇರ್‌ಬಾಕ್ಸ್, ಕ್ರೌನ್ ಪಿನಿಯನ್, ಕೊನೆಯ ರಿಡಕ್ಷನ್ ಮೂರರ ಅನುಪಾತ ಗುಣಿಸಿದರೆ ಟಾಪ್ ಗೇರಿನಲ್ಲಿ 18 ಬಂತು ಎಂದಿಟ್ಟುಕೊಳ್ಳಿ. ಚಕ್ರ ನಿಮಿಷಕ್ಕೆ 111 ಸಲ ತಿರುಗುತ್ತದೆ. ಸುತ್ತಿಗೆ 3.9 ಮೀಟರ್ ಎಂದರೆ ನಿಮಿಷಕ್ಕೆ ಸುಮಾರು 433 ಮೀಟರ್, ಗಂಟೆಗೆ 26 ಕಿ.ಮೀ.

ಎಡವಟ್ಟಾಗುವುದು ಆ 3.9ರಲ್ಲೇ. ಟೈರಿನ ಮೇಲೆ 13.6-28 ಎಂದಿದ್ದರೆ 28 ಇಂಚನ್ನೇ ಟೈರಿನ ಎತ್ತರ ಅಂದುಕೊಳ್ಳುವವರಿದ್ದಾರೆ. ಅದನ್ನು ಹಿಡಿದು ಲೆಕ್ಕ ಹಾಕಿದರೆ ಇದೇ ಟ್ರ್ಯಾಕ್ಟರ್ 15 ಕಿ.ಮೀ.ಗೆ ಇಳಿದುಬಿಡುತ್ತದೆ! 28 ಎನ್ನುವುದು ರಿಮ್ಮಿನ ವ್ಯಾಸ, 13.6 ಟೈರಿನ ಅಗಲ. ಪೂರ್ತಿ ಎತ್ತರ ಅಳೆದು 3.14ರಿಂದ ಗುಣಿಸಿದರೂ ಉತ್ತರ ತುಸು ಹೆಚ್ಚೇ ಬರುತ್ತದೆ, ಭಾರಕ್ಕೆ ಟೈರು ಕೆಳಗೆ ಅಮುಕಿಕೊಳ್ಳುತ್ತದಲ್ಲ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ಟೇಪ್ ಹಿಡಿಯುವುದೇ ನೆಟ್ಟಗಿನ ದಾರಿ.

ದೊಡ್ಡ ಟೈರು ಹಾಕಿಸಿದರೆ ವೇಗ ಹೆಚ್ಚುವುದು ನಿಜ. ಸುತ್ತಿಗೆ 4.25 ಮೀಟರ್ ಆದರೆ 26 ಇದ್ದದ್ದು 28 ದಾಟುತ್ತದೆ. ಆದರೆ ಅದೇ ಗೇರಿನಲ್ಲಿ ಎಳೆಯುವ ಬಲ ಶೇ 8ರಷ್ಟು ಕಡಿಮೆಯಾಗುತ್ತದೆ, ಬ್ರೇಕಿನ ಹಿಡಿತವೂ ಅಷ್ಟೇ ಸಡಿಲ. ಫೋರ್‌ವೀಲ್ ಗಾಡಿಗೆ ಹಿಂದಿನ ಟೈರು ಮಾತ್ರ ಬದಲಿಸುವುದಂತೂ ಬೇಡವೇ ಬೇಡ: ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದಿಷ್ಟು ಮುಂದೋಡುವಂತೆ ಗೇರು ಕೂಡಿಸಿರುತ್ತಾರೆ, ಆ ಹೊಂದಾಣಿಕೆ ಕೆಟ್ಟರೆ ಟೈರು ಸವೆಯುತ್ತದೆ, ಗೇರುಗಳು ನರಳುತ್ತವೆ.

ಇನ್ನು ಕೈಪಿಡಿಯ ವೇಗದ ಪಟ್ಟಿ ಹೊಲದಲ್ಲೂ ಹಾಗೇ ನಡೆಯುತ್ತದೆಂಬ ನಂಬಿಕೆ. ಉಳುವಾಗ ಚಕ್ರ ಜಾರುತ್ತದೆ. ಹೊಲದಲ್ಲಿ 100 ಮೀಟರ್ ಗುರುತು ಮಾಡಿ ಗಡಿಯಾರ ನೋಡಿ: 72 ಸೆಕೆಂಡ್ ಹಿಡಿದರೆ ಗಂಟೆಗೆ 5 ಕಿ.ಮೀ. ಅದೇ ಗೇರು, ಅದೇ ಸುತ್ತಿಗೆ ಪಟ್ಟಿಯಲ್ಲಿ 5.8 ಇದ್ದರೆ, ಸುಮಾರು ಶೇ 14 ಜಾರಾಟಕ್ಕೆ ಹೋಯಿತು.